ಸೋಮವಾರದ ಟೆಂಡರಿಗೆ ಮೊದಲು: ಬ್ಯಾಡಗಿ ಮೆಣಸಿನಕಾಯಿ, ಒಂದು ವಿಶ್ವವಿದ್ಯಾಲಯ, ಮೂರು ಹಂಗಾಮು

ವಿಶ್ವವಿದ್ಯಾಲಯ ಬಂದರೆ ಊರಿಗೆ ಏನು ಲಾಭ ಎಂದು ಧಾರವಾಡದಲ್ಲಿ ಕೇಳಿದರೆ ಉತ್ತರ ಕಣ್ಣೆದುರಿಗೇ ಇದೆ. ಸಪ್ತಾಪುರದ ಬಾಡಿಗೆ ಕೋಣೆಗಳು, ಖಾನಾವಳಿಗಳು, ಝೆರಾಕ್ಸ್ ಅಂಗಡಿಗಳು, ಕೋಚಿಂಗ್ ಕ್ಲಾಸುಗಳು ಎಲ್ಲವೂ ಓದಲು ಬಂದವರ ಮೇಲೆ ನಿಂತಿವೆ. 1949ರಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2016ರಲ್ಲಿ ಬಂದ ಐಐಟಿ, ಅದೇ ವರ್ಷ ಗದಗಿಗೆ ಸಿಕ್ಕ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ, ಶಿಗ್ಗಾವಿ ಹತ್ತಿರದ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ಹೀಗೆ ಈ ಭಾಗದಲ್ಲಿ ಸಂಸ್ಥೆಗಳಿಗೆ ಕೊರತೆ ಇಲ್ಲ. ಈ ಪ್ರಕರಣದ ಪ್ರಶ್ನೆ ಬೇರೆ: ಪ್ರಯೋಗಾಲಯದಲ್ಲಿರುವ ತಿಳಿವಳಿಕೆ ಹೊರಗೆ ಬಂದು, ಪೇಟೆಯಲ್ಲಿ ಒಂದು ಚೀಲ ಮೆಣಸಿನಕಾಯಿಯ ದರವನ್ನು ಬದಲಿಸುವುದು ಯಾವಾಗ, ಬದಲಿಸದೆ ಹೋಗುವುದು ಯಾಕೆ?

ಇಲ್ಲಿ ಬರುವ ವಿಶ್ವವಿದ್ಯಾಲಯ, ರೈತ ಉತ್ಪಾದಕ ಕಂಪನಿ, ಕಾಲೇಜು, ಖರೀದಿದಾರ ಯಾರ ಹೆಸರನ್ನೂ ಹೇಳಿಲ್ಲ. ಗುರುತು ಸಿಗಬಾರದೆಂದು ಪ್ರಕರಣದ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿದ್ದೇವೆ.

ಹಿನ್ನೆಲೆ

ಕಂಪನಿ ಹಾವೇರಿ ಜಿಲ್ಲೆಯದು. ನಾನೂರರಷ್ಟು ಸದಸ್ಯರು, ಹೆಚ್ಚಿನವರಿಗೆ ಎರಡರಿಂದ ನಾಲ್ಕು ಎಕರೆ. ಬೆಳೆ ಬ್ಯಾಡಗಿ ಮೆಣಸಿನಕಾಯಿಯ ಡಬ್ಬಿ ಮತ್ತು ಕಡ್ಡಿ ತಳಿಗಳು. 2011ರಲ್ಲಿ ಭೌಗೋಳಿಕ ಸೂಚಕ ಪಡೆದ ಈ ಮೆಣಸಿನಕಾಯಿಗೆ ಬೆಲೆ ಬರುವುದು ಖಾರಕ್ಕಲ್ಲ, ಬಣ್ಣಕ್ಕೆ. ಓಲಿಯೋರೆಸಿನ್ (ಬಣ್ಣ, ರುಚಿಯ ಗಟ್ಟಿ ಸಾರ) ತೆಗೆಯುವ ಕಾರ್ಖಾನೆಗಳು ಕಾಯಿಯ ಬಣ್ಣವನ್ನು 'ಆಸ್ಟಾ' ಎಂಬ ಮಾನದಲ್ಲಿ ಅಳೆದು ದರ ಕಟ್ಟುತ್ತವೆ. ಬ್ಯಾಡಗಿ ಪೇಟೆಯಲ್ಲಿ ಮಾತ್ರ ದರ ನಿಲ್ಲುವುದು ಕಣ್ಣಂದಾಜಿನ ಮೇಲೆ. ವಾರದಲ್ಲಿ ಎರಡು ದಿನ, ಸೋಮವಾರ ಮತ್ತು ಗುರುವಾರ, ದಲಾಲರ ಅಂಗಡಿ ಮುಂದೆ ಲಾಟ್, ಅಂದರೆ ಒಟ್ಟಿಗೆ ಮಾರುವ ಚೀಲಗಳ ರಾಶಿ, ಹಚ್ಚುತ್ತಾರೆ. ಖರೀದಿದಾರ ಕೈಯಾಡಿಸಿ, ಮೂಸಿ ನೋಡಿ, ಟೆಂಡರ್ ಹಾಕುತ್ತಾನೆ.

ಕಂಪನಿ ಮೊದಲ ಹಂಗಾಮಿನಲ್ಲಿ ಟೆಂಡರ್ ಬಿಟ್ಟು, ರಫ್ತು ಮಾಡುವ ಮಸಾಲೆ ಸಂಸ್ಥೆಯೊಂದಕ್ಕೆ ನೇರವಾಗಿ ಆರು ಟನ್ ಮಾರಿತು. ಹದಿನೈದು ದಿನಕ್ಕೆ ಮಾಲು ತಿರಸ್ಕಾರವಾಯಿತು. ಬೂಷ್ಟು ಬಿಡುವ ವಿಷವಾದ ಅಫ್ಲಾಟಾಕ್ಸಿನ್ ಬಿ1 ಕಿಲೊಗೆ 11 ಮೈಕ್ರೋಗ್ರಾಂ ಇದೆ ಎಂದು ವರದಿ. ಮಸಾಲೆ ಪದಾರ್ಥಗಳಲ್ಲಿ ಭಾರತದ ಮಿತಿ 15, ಯುರೋಪ್ ಒಕ್ಕೂಟದ್ದು 5. ಅಂದರೆ ದೇಶದೊಳಗೆ ಕಾನೂನಿಗೆ ಸರಿ ಇರುವ ಮಾಲು ಆ ಖರೀದಿದಾರನಿಗೆ ಕೆಲಸಕ್ಕೆ ಬಾರದು. ಕಂಪನಿ ಲಾರಿ ಬಾಡಿಗೆ ತಾನೇ ಕೊಟ್ಟು ಮಾಲು ವಾಪಸ್ ತರಿಸಿ, ಇಳಿದ ದರಕ್ಕೆ ಇಲ್ಲಿಯೇ ಮಾರಿತು. ಆ ಪೆಟ್ಟಿನಿಂದ ನಿರ್ದೇಶಕರು ವಿಶ್ವವಿದ್ಯಾಲಯದ ಬಾಗಿಲಿಗೆ ಹೋದರು. ಅವರು ಕೇಳಿದ್ದು ಒಂದೇ: ಒಣಗಿಸುವ ಯಂತ್ರ.

ಮೊದಲ ಪ್ರಯತ್ನ: ಡ್ರೈಯರ್

ಕೇಳಿದ್ದನ್ನೇ ಕೊಟ್ಟದ್ದು ಮೊದಲ ತಪ್ಪು. ಆದರೆ ಅದಕ್ಕೆ ಕಾರಣವಿತ್ತು. ಕಾಯಿ ನೆಲದ ಮೇಲೆ ಹತ್ತು ಹನ್ನೆರಡು ದಿನ ಒಣಗುತ್ತದೆ, ರಾತ್ರಿ ಇಬ್ಬನಿ ಬೀಳುತ್ತದೆ, ಬೂಷ್ಟು ಹಿಡಿಯುತ್ತದೆ. ಪಠ್ಯಪುಸ್ತಕ ಹೇಳುವುದೂ ಅದನ್ನೇ. ವಿಭಾಗದಲ್ಲಿ ಸೌರ ಸುರಂಗ ಡ್ರೈಯರಿನ ವಿನ್ಯಾಸ ಸಿದ್ಧವಿತ್ತು: ಕಬ್ಬಿಣದ ಪೈಪಿನ ಕಮಾನು, ಮೇಲೆ 200 ಮೈಕ್ರಾನಿನ ಯುವಿ ತಡೆಯುವ ಪ್ಲಾಸ್ಟಿಕ್ ಹಾಳೆ, ಕಪ್ಪು ನೆಲ, ತುದಿಯಲ್ಲಿ ಫ್ಯಾನು. ಅಂಥವು ಎರಡನ್ನು ಕಟ್ಟಿಕೊಟ್ಟರು. ನಾಲ್ಕೇ ದಿನಕ್ಕೆ ಕಾಯಿ ಒಣಗಿತು. ಉದ್ಘಾಟನೆಯೂ ಆಯಿತು.

ತೊಡಕು ಲೆಕ್ಕದಲ್ಲಿತ್ತು. ಒಂದು ಸುರಂಗದ ಟ್ರೇಗಳ ವಿಸ್ತೀರ್ಣ 30 ಚದರ ಮೀಟರ್. ಚದರ ಮೀಟರಿಗೆ 10 ಕಿಲೊಗಿಂತ ದಪ್ಪ ಹರಡಿದರೆ ಗಾಳಿ ಆಡುವುದಿಲ್ಲ, ಕೆಳಗಿನ ಪದರ ಬೆವರಿ ಮೆತ್ತಗಾಗುತ್ತದೆ. ಅಲ್ಲಿಗೆ ಒಂದು ಸಲಕ್ಕೆ ಹಿಡಿಯುವುದು ಮೂರು ಕ್ವಿಂಟಾಲ್ ಹಸಿ ಹಣ್ಣು, ಒಣಗಿದ ಮೇಲೆ ಉಳಿಯುವುದು ಒಂದು ಕ್ವಿಂಟಾಲಿಗೂ ಕಡಿಮೆ. ಮೂರು ಎಕರೆಯವನು ಒಂದು ಬಿಡಿಸುವಿಕೆಯಲ್ಲಿ ಹದಿನೈದು ಕ್ವಿಂಟಾಲ್ ತರುತ್ತಾನೆ. ಐದು ಸರದಿ, ಇಪ್ಪತ್ತು ದಿನ. ಅಷ್ಟರೊಳಗೆ ಮುಂದಿನ ಬಿಡಿಸುವಿಕೆ ಬಂದಿರುತ್ತದೆ. ನೆಲದ ಮೇಲಾದರೆ ಹದಿನೈದು ಕ್ವಿಂಟಾಲನ್ನೂ ಒಂದೇ ದಿನ ಹರಡಬಹುದು.

ಎರಡನೆಯದು ಬಣ್ಣ. ಕಾಯಿಯ ಕೆಂಪು ಕೆರೋಟಿನಾಯ್ಡುಗಳದ್ದು. ಬಿಸಿ, ಬೆಳಕು, ಗಾಳಿ ಮೂರೂ ಕೂಡಿದರೆ ಅದು ಕೆಡುತ್ತದೆ. ನಾಲ್ಕನೇ ದಿನ ಮಧ್ಯಾಹ್ನ ಸುರಂಗದೊಳಗೆ 66 ಡಿಗ್ರಿ ಇತ್ತು. ನೀರು ಆರುವವರೆಗೆ ಕಾಯಿ ತಣ್ಣಗಿರುತ್ತದೆ. ನೀರು ಮುಗಿದ ಮೇಲೆ ಸುರಂಗದ ಬಿಸಿಯೆಲ್ಲ ಕಾಯಿಗೇ ತಾಗುತ್ತದೆ. ನೆಲದ ಮೇಲೆ ಒಣಗಿದ ಕಾಯಿಗೆ 150ರ ಆಸುಪಾಸು ಇದ್ದ ಆಸ್ಟಾ ಸುರಂಗದ ಕಾಯಿಗೆ 130ಕ್ಕೆ ಇಳಿಯಿತು. ಮೂರನೇ ದಿನದಿಂದ ನೆರಳು ಬಲೆ ಹೊದಿಸಿ, ಎರಡೂ ಬದಿ ತೆರೆದಿಟ್ಟ ಮೇಲೆ ಇದು ಸರಿಹೋಯಿತು. ಆದರೆ ರೈತರ ಮನಸ್ಸಿನಲ್ಲಿ 'ಮಷಿನ್ ಬಣ್ಣ ತಿಂತೈತಿ' ಎಂಬ ಮಾತು ಕೂತುಬಿಟ್ಟಿತು. ಹಂಗಾಮು ಮುಗಿಯುವ ಹೊತ್ತಿಗೆ ಒಂದು ಸುರಂಗದಲ್ಲಿ ಮೇವು ಇಟ್ಟಿದ್ದರು.

ವಿಶ್ವವಿದ್ಯಾಲಯದ ಕಡೆಯಿಂದ ಡ್ರೈಯರ್ ಸೋತಿರಲಿಲ್ಲ ಎಂಬುದನ್ನೂ ಹೇಳಬೇಕು. ಅದರ ಮೇಲೆ ಪ್ರಬಂಧ ಬಂತು, ವಾರ್ಷಿಕ ವರದಿಯಲ್ಲಿ ಫೋಟೊ ಬಂತು. ಅಧ್ಯಾಪಕರ ಬಡ್ತಿಗೆ ಎಣಿಸುವುದು ಅವನ್ನೇ. ರೈತನ ಚೀಲಕ್ಕೆ ಏನಾಯಿತು ಎಂದು ಕೇಳುವ ಕಾಲಂ ಆ ಅರ್ಜಿಯಲ್ಲಿ ಇಲ್ಲ. ಹೊಸ ಯಂತ್ರದ ಕಡೆಗೆ ವಾಲುವುದು ವ್ಯಕ್ತಿಗಳ ಸ್ವಭಾವದಿಂದಲ್ಲ, ಆ ಕಾಲಂಗಳಿಂದ.

ಬೂಷ್ಟು ಎಲ್ಲಿ ಹತ್ತಿತು

ಪ್ರಕರಣ ತಿರುಗಿದ್ದು ಒಬ್ಬ ಎಂ.ಎಸ್ಸಿ. ವಿದ್ಯಾರ್ಥಿನಿಯ ಪ್ರಬಂಧದಿಂದ. ಆಕೆಗೆ ಕೊಟ್ಟ ವಿಷಯ ಸಾದಾ ಆಗಿತ್ತು: ಮೂವತ್ತು ರೈತರ ಕಾಯಿಯ ತೇವಾಂಶವನ್ನು ಐದು ಕಡೆ ಅಳೆಯುವುದು. ಕಣದಲ್ಲಿ ಒಣಗಿ ಮುಗಿದಾಗ, ಮನೆಯ ರಾಶಿಯಲ್ಲಿ, ಚೀಲ ತುಂಬುವಾಗ, ಗೋದಾಮಿನಲ್ಲಿ, ಕೋಲ್ಡ್ ಸ್ಟೋರೇಜಿನಿಂದ ಹೊರತೆಗೆದ ಮರುದಿನ. ಮಸಾಲೆಯನ್ನು ಓವೆನ್ನಿನಲ್ಲಿ 105 ಡಿಗ್ರಿಗೆ ಒಣಗಿಸಿದರೆ ನೀರಿನ ಜೊತೆ ಆವಿಯಾಗುವ ಎಣ್ಣೆಯೂ ಹೋಗಿ ಲೆಕ್ಕ ತಪ್ಪುತ್ತದೆ. ಆದ್ದರಿಂದ ಟೊಲ್ವೀನ್ ಬಟ್ಟಿ ಇಳಿಸುವ ವಿಧಾನ ಹಿಡಿದರು. ಒಂದು ಮಾದರಿಗೆ ಎರಡು ಮೂರು ತಾಸು ಹಿಡಿಯುತ್ತದೆ. ನೂರೈವತ್ತು ಮಾದರಿ ಎಂದರೆ ತಾಳ್ಮೆಯ ಕೆಲಸ.

ಕಣದಲ್ಲಿ ಮುಗಿದಾಗ ಬಹುತೇಕ ಎಲ್ಲರ ಕಾಯಿ ಶೇ. 9ರಿಂದ 11. ತೇವಾಂಶ 11ರ ಒಳಗಿದ್ದರೆ ಬೂಷ್ಟು ಬೆಳೆಯಲಾರದು. ಅಂದರೆ ರೈತರು ನೆಲದ ಮೇಲೆಯೇ ಚೆನ್ನಾಗಿ ಒಣಗಿಸುತ್ತಿದ್ದರು! ಚೀಲ ತುಂಬುವಾಗ ಅದೇ ಕಾಯಿ 13ರಿಂದ 15. ಕೋಲ್ಡ್ ಸ್ಟೋರೇಜಿನಿಂದ ಬಂದ ಚೀಲದ ಹೊರಪದರದಲ್ಲಿ 16 ದಾಟಿದ್ದೂ ಇತ್ತು.

ಚೀಲ ತುಂಬುವಾಗ ತೇವ ಏರಲು ಕಾರಣ ನೀರು ಚಿಮುಕಿಸುವುದು. ಇದನ್ನು ಬರೀ ತೂಕದ ಆಸೆ ಎಂದು ಬಗೆದರೆ ರೈತನಿಗೆ ಅನ್ಯಾಯ. ಶೇ. 9ಕ್ಕೆ ಒಣಗಿದ ಕಾಯಿ ಹಪ್ಪಳದಂತೆ ಮುರಿಯುತ್ತದೆ. ಚೀಲದಲ್ಲಿ ತುಳಿದು ತುಂಬಿದರೆ ತುಂಡಾಗಿ ಬೀಜ ಉದುರುತ್ತದೆ, ಪೇಟೆಯಲ್ಲಿ ದರ ಬೀಳುತ್ತದೆ. ಅದಕ್ಕೇ ಹಿಂದಿನ ರಾತ್ರಿ ನೀರು ಚಿಮುಕಿಸಿ ತಾಡಪತ್ರಿ ಮುಚ್ಚುತ್ತಾರೆ. ಆ ನೀರು ಎಲ್ಲ ಕಾಯಿಗೂ ಸಮನಾಗಿ ತಾಗುವುದಿಲ್ಲ. ತೊಟ್ಟಿನ ಬುಡದ ಬಿರುಕಿನಿಂದ ಕೆಲವೇ ಕಾಯಿಗಳ ಒಳಗೆ ಇಳಿಯುತ್ತದೆ. ಅಂಥ ಡಬ್ಬಿ ಕಾಯಿಯೊಂದನ್ನು ಉದ್ದಕ್ಕೆ ಸೀಳಿದರೆ ಗೊತ್ತಾಗುತ್ತದೆ: ಹೊರಗೆ ಕಡುಗೆಂಪು, ಸುಕ್ಕು ಸುಕ್ಕು, ಎಣ್ಣೆ ಸವರಿದಂಥ ಹೊಳಪು, ಒಳಗೆ ಬೀಜ ಅಂಟಿಕೊಂಡ ಬಿಳಿ ತಿರುಳಿನ ಮೇಲೆ ಬೂದು-ಹಸಿರು ಹುಡಿ, ಬೆರಳು ತಾಗಿದರೆ ಹೊಗೆಯಂತೆ ಏಳುತ್ತದೆ. ಎಂಥ ಅನುಭವಿ ಖರೀದಿದಾರನೂ ಇದನ್ನು ಹೊರಗಿನಿಂದ ಹಿಡಿಯಲಾರ. ಮತ್ತೆ ಒಣಗಿಸಿದರೆ ಬೂಷ್ಟು ಸಾಯಬಹುದು, ಅದು ಬಿಟ್ಟ ವಿಷ ಹೋಗುವುದಿಲ್ಲ.

ಕೋಲ್ಡ್ ಸ್ಟೋರೇಜಿನ ಮಾತು ಇನ್ನೂ ಸರಳ. ತಣ್ಣನೆಯ ಚೀಲವನ್ನು ಹೊರಗೆ ತಂದು ಕೂಡಲೇ ಬಾಯಿ ಬಿಚ್ಚಿದರೆ, ತಂಪು ಚೊಂಬಿನ ಮೇಲೆ ಹನಿ ಮೂಡುವ ಹಾಗೆ ಕಾಯಿಯ ಮೇಲೆ ನೀರು ಕೂರುತ್ತದೆ. ಬಾಯಿ ಕಟ್ಟಿದಂತೆಯೇ, ತಾಡಪತ್ರಿ ಹೊದಿಸಿ, ಒಂದು ದಿನ ಪೂರ್ತಿ ನೆರಳಿನಲ್ಲಿ ಇಟ್ಟು ಆಮೇಲೆ ಬಿಚ್ಚಬೇಕು.

ನೀರು ಚಿಮುಕಿಸುವುದಕ್ಕೆ ಬದಲಿ ದಾರಿಯನ್ನು ವಿಭಾಗ ಹುಡುಕಲಿಲ್ಲ, ಇಬ್ಬರು ಹಿರಿಯ ರೈತರೇ ಮಾಡುತ್ತಿದ್ದರು. ನಸುಕಿನಲ್ಲಿ ಕಾಯಿಯನ್ನು ಮಾಡಿನ ಕೆಳಗೆ ತೆಳ್ಳಗೆ ಹರಡಿ, ಬೆಳಗಿನ ತಂಪಿಗೆ ತಾನೇ ಮೆತ್ತಗಾದ ಮೇಲೆ, ಬಿಸಿಲೇರುವ ಮೊದಲು ಚೀಲ ತುಂಬುವುದು. ತೇವಾಂಶ ಏರುವುದು ಒಂದು ಅಂಶದಷ್ಟು ಮಾತ್ರ. ಅದನ್ನು ಅಳೆದು ಅಂಕಿ ಕೊಟ್ಟದ್ದು ವಿಭಾಗದ ಕೆಲಸ. ಊರಿನವರು ಬಲ್ಲದ್ದಕ್ಕೆ ಹೀಗೆ ಅಂಕಿ ಸಿಕ್ಕಿದ್ದು ಡ್ರೈಯರಿಗಿಂತ ದೊಡ್ಡ ನೆರವಾಯಿತು ಎಂಬುದು ನಮ್ಮ ಅಭಿಪ್ರಾಯ.

"ಹ್ವಾದ ತೂಕದ ರೊಕ್ಕ ಯಾರ ಕೊಡತಾರ್ರಿ?"

ವಿಷಯ ತಿಳಿಸಲು ಸಭೆ ಕರೆದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು ಕೇಳಿದರು: "ನೀರ ಹಾಕೂದ ಬಿಟ್ರ ತೂಕ ಹೋಗತೈತಿ. ಹ್ವಾದ ತೂಕದ ರೊಕ್ಕ ಯಾರ ಕೊಡತಾರ್ರಿ ಸರ?" ವೇದಿಕೆಯಲ್ಲಿ ಯಾರ ಬಳಿಯೂ ಉತ್ತರ ಇರಲಿಲ್ಲ.

ಲೆಕ್ಕ ಅವರ ಕಡೆಗೇ ಇದೆ. ಶೇ. 14 ತೇವದ 100 ಕಿಲೊದಲ್ಲಿ ಒಣ ಪದಾರ್ಥ 86 ಕಿಲೊ. ಅದನ್ನೇ 10.5ಕ್ಕೆ ಇಳಿಸಿದರೆ ತೂಕ 96 ಕಿಲೊ. ಕ್ವಿಂಟಾಲಿಗೆ ನಾಲ್ಕು ಕಿಲೊ ನಷ್ಟ. ಕ್ವಿಂಟಾಲಿಗೆ 30,000 ರೂಪಾಯಿ ದರ ಇದ್ದರೆ 1,200 ರೂಪಾಯಿ. ಟೆಂಡರಿನಲ್ಲಿ ಯಾರೂ ತೇವ ಅಳೆಯುವುದಿಲ್ಲವಾದ್ದರಿಂದ ಚೆನ್ನಾಗಿ ಒಣಗಿಸಿದವನಿಗೆ ದಂಡ, ನೀರು ಹಾಕಿದವನಿಗೆ ಇನಾಮು. ಇಂಥ ಕಡೆ ಎಷ್ಟು ತರಬೇತಿ ಶಿಬಿರ ಮಾಡಿದರೂ ನಡತೆ ಬದಲಾಗದು.

ಆ ಪ್ರಶ್ನೆಯಿಂದ ಕೆಲಸದ ದಿಕ್ಕೇ ಬದಲಾಯಿತು. ಕಂಪನಿ ಮತ್ತು ಖರೀದಿದಾರರ ನಡುವೆ ಹೊಸ ಕರಾರು ಆಯಿತು. ಆಧಾರ ತೇವಾಂಶ ಶೇ. 11. ಲಾಟಿನ ತೂಕವನ್ನು ನೂರರಲ್ಲಿ ತೇವ ಕಳೆದು ಉಳಿದದ್ದರಿಂದ ಗುಣಿಸಿ, 89ರಿಂದ ಭಾಗಿಸಿದರೆ ಹಣ ಕೊಡುವ ತೂಕ ಬರುತ್ತದೆ. ಶೇ. 10ರ ಕಾಯಿ 100 ಕಿಲೊ ತಂದವನಿಗೆ 101 ಕಿಲೊದ ಹಣ, 14ರ ಕಾಯಿಗೆ 96.6 ಕಿಲೊದ್ದು. ಬಣ್ಣಕ್ಕೆ ಬೇರೆ ಪಟ್ಟಿ. ತೇವ 12.5 ದಾಟಿದರೆ ಲಾಟ್ ನೇರ ಮಾರಾಟಕ್ಕೆ ಹೋಗುವುದೇ ಇಲ್ಲ. ಖರೀದಿದಾರರು ಒಪ್ಪಿದ್ದು ಒಂದು ಷರತ್ತಿನ ಮೇಲೆ: ಅಳೆಯುವವರು ಕಂಪನಿಯವರೂ ಆಗಿರಬಾರದು, ತಾವೂ ಅಲ್ಲ. ವಿಶ್ವವಿದ್ಯಾಲಯಕ್ಕೆ ನಿಜವಾದ ಕೆಲಸ ಸಿಕ್ಕಿದ್ದು ಇಲ್ಲಿ.

ಎರಡನೇ ಹಂಗಾಮು: ವರದಿ ಬರುವಷ್ಟರಲ್ಲಿ ಟೆಂಡರ್ ಮುಗಿದಿತ್ತು

ಮೊದಲ ವರದಿ ಬಂದದ್ದು 23ನೇ ದಿನಕ್ಕೆ. ಅರ್ಜಿ, ಹಣಕಾಸು ಅಧಿಕಾರಿ ಹೆಸರಿಗೆ ಡಿಡಿ, ರಸೀದಿ, ಆಮೇಲೆ ಮಾದರಿ ನೋಂದಣಿ. ಡಿಸೆಂಬರ್-ಜನವರಿ ಎಂದರೆ ಸೆಮಿಸ್ಟರ್ ಪರೀಕ್ಷೆ, ಪ್ರಯೋಗಾಲಯದ ಸಿಬ್ಬಂದಿ ಮೇಲ್ವಿಚಾರಣೆಗೆ ಹೋಗಿರುತ್ತಾರೆ. ಕಾಯಿಯ ಆವಕ ಏರುವುದೂ ಅದೇ ಹೊತ್ತಿಗೆ. ವರದಿಯ ಕೆಳಗೆ 'ಸ್ವೀಕರಿಸಿದ ಮಾದರಿಗೆ ಮಾತ್ರ ಅನ್ವಯ' ಎಂಬ ಸಾಲು. ಖರೀದಿದಾರರು ಅದನ್ನು ತೋರಿಸಿ ವರದಿಯನ್ನೇ ತಳ್ಳಿಹಾಕಿದರು. ಅವರದು ತಪ್ಪಲ್ಲ, ರೈತರು ಕಳಿಸಿದ್ದು ಕೈಯಿಂದ ಆರಿಸಿದ ಕಾಲು ಕಿಲೊ ಚಂದದ ಕಾಯಿ.

ಅಫ್ಲಾಟಾಕ್ಸಿನ್ ಲಾಟಿನಲ್ಲಿ ಸಮನಾಗಿ ಹರಡಿರುವುದಿಲ್ಲ. ಸಾವಿರ ಕಾಯಿಯಲ್ಲಿ ಒಂದೆರಡು ಕೆಟ್ಟಿದ್ದರೂ ಲಾಟ್ ಕೆಡುತ್ತದೆ, ಚಿಕ್ಕ ಮಾದರಿಯಲ್ಲಿ ಆ ಒಂದೆರಡು ಸಿಗುವುದೇ ಇಲ್ಲ. ಹಾಗಾಗಿ ಮಾದರಿ ತೆಗೆಯುವ ಕ್ರಮವನ್ನು ಬರೆದು ಗೋಡೆಗೆ ಅಂಟಿಸಿದರು. ನೂರು ಚೀಲದ ಲಾಟಿನಲ್ಲಿ ಹತ್ತು ಚೀಲ ಬಿಚ್ಚಬೇಕು, ಯಾವ ಹತ್ತು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಬೇಕು. ಪ್ರತಿ ಚೀಲದ ಮೇಲೆ, ನಡುವೆ, ತಳದಿಂದ ತಲಾ 200 ಗ್ರಾಂ. ಒಟ್ಟು ಆರು ಕಿಲೊವನ್ನೂ ಪುಡಿ ಮಾಡಿ, ಕಲಸಿ, ನಾಲ್ಕು ಪಾಲು ಮಾಡಿ ಎದುರುಬದುರು ಪಾಲು ಬಿಡುತ್ತ ಬಂದು, ಕೊನೆಗೆ ಮೂರು ಪೊಟ್ಟಣ. ಒಂದು ಪರೀಕ್ಷೆಗೆ, ಒಂದು ಖರೀದಿದಾರರಿಗೆ, ಒಂದು ಮೊಹರು ಹಾಕಿ ಕಪಾಟಿನಲ್ಲಿ. ಪುಡಿ ಮಾಡುವ ಆರು ಕಿಲೊ ಹಾಳು ಎಂದು ಮೊದಮೊದಲು ಜಗಳವಾಯಿತು. ಆ ಪುಡಿಯನ್ನು ಲಾಟ್ ಪಾಸಾದರೆ ಕಂಪನಿಯೇ ಕೊಂಡುಕೊಳ್ಳುವುದು ಎಂದಾದ ಮೇಲೆ ನಿಂತಿತು.

ವರದಿ ತಡವಾಗುವ ಸಮಸ್ಯೆಯನ್ನು ಬಗೆಹರಿಸಿದ್ದು ತಾಲ್ಲೂಕಿನ ಒಂದು ಪದವಿ ಕಾಲೇಜು. ಅದರ ರಸಾಯನಶಾಸ್ತ್ರ ವಿಭಾಗದಲ್ಲಿ ಬೆಳಕು ಹಾಯಿಸಿ ದ್ರಾವಣದ ಬಣ್ಣ ಅಳೆಯುವ ಒಂದು ಸ್ಪೆಕ್ಟ್ರೋಫೋಟೊಮೀಟರ್ ಇತ್ತು, ವರ್ಷಕ್ಕೆ ಹತ್ತು ದಿನ ಪ್ರಾಕ್ಟಿಕಲ್ಸಿಗೆ ಹೊರಬರುತ್ತಿತ್ತು. ಆಸ್ಟಾ ಬಣ್ಣಕ್ಕೆ ಅದು ಸಾಕು. ನೂರು ಮಿಲಿಗ್ರಾಂನಷ್ಟು ಪುಡಿ, 100 ಮಿಲಿ ಅಸಿಟೋನ್, ಕತ್ತಲಲ್ಲಿ 16 ತಾಸು, ಆಮೇಲೆ 460 ನ್ಯಾನೊಮೀಟರಿನಲ್ಲಿ ಓದು, ಅದನ್ನು 16.4ರಿಂದ ಗುಣಿಸಿ, ಗ್ರಾಂ ಲೆಕ್ಕದಲ್ಲಿ ಪುಡಿಯ ತೂಕದಿಂದ ಭಾಗಿಸುವುದು. ಭಾನುವಾರ ಮಧ್ಯಾಹ್ನ ಮೂರಕ್ಕೆ ನೆನೆಹಾಕಿದರೆ ಸೋಮವಾರ ಬೆಳಿಗ್ಗೆ ಏಳಕ್ಕೆ ಅಂಕಿ ಕೈಯಲ್ಲಿ. ಲಾಟನ್ನು ಟೆಂಡರಿಗೆ ಹಚ್ಚುವುದೋ ನೇರ ಖರೀದಿದಾರರಿಗೆ ಕಳಿಸುವುದೋ ಎಂದು ತೀರ್ಮಾನಿಸಲು ಸಮಯ ಸಿಗುತ್ತದೆ. ತೇವಕ್ಕೆ ಕೈಮೀಟರ್, ಅದರ ಓದನ್ನು ತಿಂಗಳಿಗೊಮ್ಮೆ ವಿಶ್ವವಿದ್ಯಾಲಯದ ಟೊಲ್ವೀನ್ ವಿಧಾನದೊಂದಿಗೆ ಹೋಲಿಸಿ ತಿದ್ದುಪಡಿ ಪಟ್ಟಿ. ಅಫ್ಲಾಟಾಕ್ಸಿನ್ನಿಗೆ ಪಟ್ಟಿ (ಸ್ಟ್ರಿಪ್) ಪರೀಕ್ಷೆ, ಪಟ್ಟಿಯ ಮೇಲೆ ಮೂಡುವ ಗೆರೆ ನೋಡಿ ಹೇಳುವುದು. ಸಂಶಯ ಬಂದದ್ದು ಮಾತ್ರ ವಿಶ್ವವಿದ್ಯಾಲಯದ ನಿಖರ ಅಳತೆಯ ಯಂತ್ರ ಎಚ್‌ಪಿಎಲ್‌ಸಿಗೆ. ಮೆಣಸಿನಕಾಯಿಯ ಗಾಢ ಬಣ್ಣ ಪಟ್ಟಿಯ ಗೆರೆಯನ್ನು ಮುಚ್ಚುತ್ತದೆ, ದ್ರಾವಣವನ್ನು ಕಿಟ್ಟಿನ ಸೂಚನೆಯಂತೆ ತಿಳಿ ಮಾಡದಿದ್ದರೆ ಫಲಿತಾಂಶ ನಂಬುವಂತಿಲ್ಲ.

ಮೊದಲ ತಿಂಗಳು ಕಾಲೇಜಿನ ಅಂಕಿ, ಖರೀದಿದಾರರ ಅಂಕಿ 22 ಮಾನದಷ್ಟು ದೂರ. ಎರಡೂ ಕಡೆ ಅಪನಂಬಿಕೆ. ಕಾರಣ ಹುಡುಕಿದಾಗ ಸಿಕ್ಕವು ಮೂರು. ಕಾಲೇಜಿನಲ್ಲಿ ಬೀಜ ಸಮೇತ ಪುಡಿ ಮಾಡುತ್ತಿದ್ದರು, ಖರೀದಿದಾರರ ಕಡೆ ಬೀಜ ತೆಗೆದು. ಬೀಜದಲ್ಲಿ ಕೆಂಪು ಬಣ್ಣವಿಲ್ಲ, ತೂಕವಿದೆ. ಕಾಲೇಜಿನ ಪುಡಿ ಒರಟಾಗಿದ್ದು ಬಣ್ಣ ಪೂರ್ತಿ ಬಿಡುತ್ತಿರಲಿಲ್ಲ; ಒಂದು ಮಿಲಿಮೀಟರ್ ಜರಡಿ ಕಡ್ಡಾಯ ಮಾಡಿದರು. ಉಪಕರಣವನ್ನು ಪೊಟ್ಯಾಶಿಯಂ ಡೈಕ್ರೊಮೇಟ್ ಮತ್ತು ಕೋಬಾಲ್ಟ್ ಅಮೋನಿಯಂ ಸಲ್ಫೇಟ್ ದ್ರಾವಣದಿಂದ ಒರೆಗೆ ಹಚ್ಚಿರಲಿಲ್ಲ. ತೊಟ್ಟು ತೆಗೆದು, ಬೀಜ ಸಮೇತ ಎಂದು ಕರಾರಿನಲ್ಲೇ ಬರೆದ ಮೇಲೆ ಅಂತರ ಆರೇಳಕ್ಕೆ ಇಳಿಯಿತು. ಹತ್ತು ಮಾನ ಮೀರಿದರೆ ಮೊಹರಿನ ಪೊಟ್ಟಣ ತೆರೆಯುವುದು ಎಂಬ ನಿಯಮವೂ ಬಂತು.

ಇಷ್ಟೆಲ್ಲ ಸರಿಯಾದ ಮೇಲೆ ಫೆಬ್ರುವರಿಯಲ್ಲಿ ಕೆಲಸ ನಿಂತಿತು. ಮಾದರಿ ತೆಗೆಯುತ್ತಿದ್ದ ಯೋಜನಾ ಸಹಾಯಕನ ನೇಮಕ 11 ತಿಂಗಳಿನದು, ಹಣಕಾಸು ವರ್ಷದ ಹಿಂದೆಮುಂದೆ ಮಾರ್ಚಿನಲ್ಲಿ ಸೇರಿದ್ದ. ಅವಧಿ ಮುಗಿಯಿತು, ಮುಂದುವರಿಸುವ ಕಡತ ಮೂರು ವಾರ ಮೇಜಿನ ಮೇಲಿತ್ತು. ಒಂಬತ್ತು ಲಾಟ್ ಪರೀಕ್ಷೆ ಇಲ್ಲದೆ ಟೆಂಡರಿಗೆ ಹೋದವು. ಆ ಒಂಬತ್ತು ಮನೆಯವರಲ್ಲಿ ನಾಲ್ವರು ಮುಂದಿನ ವರ್ಷ ಮತ್ತೆ ನೀರು ಚಿಮುಕಿಸಿದರು. ಅವರನ್ನು ದೂರಲು ನಮಗೆ ಮನಸ್ಸಿಲ್ಲ.

ಮೂರನೇ ಹಂಗಾಮು, ಮತ್ತು ಇಂಥದ್ದಕ್ಕೆ ಕೈಹಾಕುವವರಿಗೆ

ನೇಮಕದ ತಿಂಗಳನ್ನು ಅಕ್ಟೋಬರಿಗೆ ಸರಿಸಿದರು. 11 ತಿಂಗಳು ಆಗಸ್ಟಿಗೆ ಮುಗಿದರೆ ಯಾರಿಗೂ ತೊಂದರೆ ಇಲ್ಲ. ಡಿಡಿ ಬದಲು ಕಂಪನಿ 50,000 ರೂಪಾಯಿ ಠೇವಣಿ ಇಟ್ಟು, ಪ್ರತಿ ಪರೀಕ್ಷೆಗೆ ಅದರಿಂದ ಕಳೆಯುವ ವ್ಯವಸ್ಥೆಗೆ ವಿಶ್ವವಿದ್ಯಾಲಯ ಒಪ್ಪಿತು. ಹೊಸ ಯೋಜನೆ ಬರೆಯುವವರು ಮೊದಲ ದಿನವೇ ನೋಡಬೇಕಾದದ್ದು ಇಂಥ ಎರಡು ವಿಷಯ, ಉಪಕರಣದ ಪಟ್ಟಿಯನ್ನಲ್ಲ. ಅದಕ್ಕಿಂತ ಮೊದಲು, ಗುಣಮಟ್ಟ ಏರಿದರೆ ಹಣ ಯಾರ ಕೈಗೆ ಎಷ್ಟು ಬರುತ್ತದೆ ಎಂಬ ಸೂತ್ರವನ್ನು ಕಾಗದದ ಮೇಲೆ ತರಬೇಕು. ಇಲ್ಲಿ ಆ ಕ್ರಮ ತಿರುಗುಮುರುಗಾದ್ದರಿಂದಲೇ ಒಂದು ಹಂಗಾಮು ಹಾಳಾಯಿತು.

ಮೂರನೇ ಹಂಗಾಮಿನಲ್ಲಿ 61 ಲಾಟ್ ಪರೀಕ್ಷೆಯಾಗಿ 52 ನೇರ ಮಾರಾಟಕ್ಕೆ ಹೋದವು. ಒಂದು ತಿರಸ್ಕೃತವಾಯಿತು: ಕೋಲ್ಡ್ ಸ್ಟೋರೇಜಿನಿಂದ ಬೆಳಿಗ್ಗೆ ತಂದು, ಹಮಾಲರು ಹೊರಡುವ ಅವಸರದಲ್ಲಿ ಮಧ್ಯಾಹ್ನವೇ ಬಿಚ್ಚಿದ ಲಾಟ್. ಆ ವಾರದ ಟೆಂಡರ್ ದರಕ್ಕಿಂತ ಕ್ವಿಂಟಾಲಿಗೆ ಸರಾಸರಿ 1,000 ರೂಪಾಯಿಯಷ್ಟು ಹೆಚ್ಚು ಬಂತು. ಪರೀಕ್ಷೆ, ಸಾಗಣೆ, ಸಹಾಯಕನ ಅರ್ಧ ಸಂಬಳ ಕಳೆದರೆ ರೈತನಿಗೆ ಉಳಿದದ್ದು 700ರ ಆಸುಪಾಸು.

ಇದು ಎಲ್ಲರಿಗೂ ಸಿಕ್ಕ 700 ಅಲ್ಲ. ಸದಸ್ಯರಲ್ಲಿ ಮೂರನೇ ಒಂದು ಪಾಲಿನವರು ಬೀಜ ಗೊಬ್ಬರಕ್ಕೆ, ಮನೆಯ ಮದುವೆಗೆ ದಲಾಲರಿಂದ ಮುಂಗಡ ತಂದವರು. ಅವರ ಕಾಯಿ ಆ ಅಂಗಡಿಗೇ ಹೋಗಬೇಕು, ತೇವ ಎಷ್ಟೇ ಇರಲಿ. ಯಾವ ಪ್ರಯೋಗಾಲಯವೂ ಇದನ್ನು ಅಳೆದು ಸರಿಮಾಡಲಾರದು. ಕಂಪನಿಯೇ ಕಾಯಿಯ ಮೇಲೆ ಸಾಲ ಕೊಡುವಂತಾಗಲು ಬ್ಯಾಂಕಿನೊಂದಿಗೆ ಮಾತುಕತೆ ನಡೆದಿದೆ. ಪರೀಕ್ಷಾ ವರದಿ ಇರುವ ಲಾಟನ್ನು ಅಡಮಾನಕ್ಕೆ ಹಿಡಿಯಲು ಬ್ಯಾಂಕಿನವರು ಕೇಳಿದ್ದು ವರದಿಯ ಕೆಳಗೆ ಯಾರ ಸಹಿ ಇರುತ್ತದೆ ಎಂದು.

ಕಾಲೇಜಿನಲ್ಲಿ ಈಗ ಬಿ.ಎಸ್ಸಿ. ಪ್ರಾಕ್ಟಿಕಲ್ಸಿನ ಒಂದು ಪ್ರಯೋಗ ಮೆಣಸಿನಕಾಯಿಯ ಬಣ್ಣ. ಭಾನುವಾರ ಮಧ್ಯಾಹ್ನ ಅಸಿಟೋನ್ ಬಾಟಲಿಗಳನ್ನು ಕಪ್ಪು ಬಟ್ಟೆ ಸುತ್ತಿ ಕಪಾಟಿನಲ್ಲಿಡುವುದು ಇಬ್ಬರು ವಿದ್ಯಾರ್ಥಿಗಳ ಪಾಳಿ. ಅವರಿಗೆ ಕಂಪನಿ ದಿನಕ್ಕೆ ಇಂತಿಷ್ಟು ಎಂದು ಭತ್ಯೆ ಕೊಡುತ್ತದೆ.